ಗೇಟು ಮೊದಲೋ, ಸೈರನ್ ಮೊದಲೋ

“ಗುರುಗಳೇ, ಲಾಗ್ ಫೈಲಿನಲ್ಲಿ ಸಾಲುಗಳು ಯಾವ ಕ್ರಮದಲ್ಲಿ ಇರಬೇಕು?”

ಕೇಳಿದವನು ಇಂದುಧರ. ಗುರುಗಳ ಬಳಿ ಪ್ರೋಗ್ರಾಂ ಬರೆಯುವುದನ್ನು ಕಲಿತವರಲ್ಲಿ ಚುರುಕಾದವನು. ಆಂಬುಲೆನ್ಸ್ ಓಡಿಸುವ ಒಂದು ಸಂಸ್ಥೆಗೆ ಅವನು ಪ್ರೋಗ್ರಾಂ ಬರೆದುಕೊಟ್ಟಿದ್ದ. ಕರೆ ಬಂದದ್ದು, ಗಾಡಿ ಹೊರಟದ್ದು, ರೋಗಿಯನ್ನು ಹತ್ತಿಸಿಕೊಂಡದ್ದು, ಎಲ್ಲವನ್ನೂ ಆ ಪ್ರೋಗ್ರಾಂ ಒಂದೊಂದು ಸಾಲಾಗಿ ಬರೆದಿಡುತ್ತಿತ್ತು. ಅಂಥ ಸಾಲುಗಳ ಕಡತವೇ ಲಾಗ್ ಫೈಲ್. ಗಾಡಿಯನ್ನು ಮೊದಲು ಯಾರ ಕಡೆಗೆ ಕಳಿಸಬೇಕೆಂದು ಸಂಸ್ಥೆಯವರು ಅದನ್ನೇ ಮೇಲಿನಿಂದ ಕೆಳಗೆ ನೋಡುತ್ತಿದ್ದರು.

“ಬೇರೆ ಬೇರೆ ಗಾಡಿಗಳಿಂದ ಸಾಲುಗಳು ಹೇಗೆಂದರೆ ಹಾಗೆ ಬಂದು ಬೀಳುತ್ತವೆ,” ಎಂದು ಅವನು ಮುಂದುವರಿಸಿದ. “ನಾನು ಅವನ್ನು ಕರೆದವರ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿದ್ದೇನೆ. ನೋಡಿದವರೆಲ್ಲ ಎಷ್ಟು ಅಚ್ಚುಕಟ್ಟು ಎನ್ನುತ್ತಾರೆ. ಜೊತೆಗೆ ಕೆಲಸ ಮಾಡುವ ಒಬ್ಬಾಕೆ ಮಾತ್ರ ಇದು ತಪ್ಪು ಎನ್ನುತ್ತಾಳೆ. ಸಾಲುಗಳೆಲ್ಲ ಇವೆ, ಒಂದೂ ಕಳೆದಿಲ್ಲ. ಹಿಂದುಮುಂದಾದರೆ ಏನು ಹೋಯಿತು?”

“ಕೂತುಕೋ,” ಎಂದರು ಗುರುಗಳು. ಉಳಿದವರೂ ಹತ್ತಿರ ಸರಿದು ಕೂತರು. ಗುರುಗಳು ಈ ಕತೆಯನ್ನು ಹೇಳಿದರು.

ಒಂದು ನದಿಗೆ ಒಂದು ಅಣೆಕಟ್ಟು. ಅಣೆಕಟ್ಟಿನ ಮೇಲೆ ಗೇಟು. ಅದರ ಬುಡದಲ್ಲೇ, ನದಿ ತಿರುಗುವ ಜಾಗದಲ್ಲಿ, ಒಂದು ಕೋಣೆ. ಕೋಣೆಯ ಮೇಲೆ ಸೈರನ್. ಗೇಟು ಎತ್ತುವ ಮುಂಚೆ ಸೈರನ್ ಕೂಗಬೇಕು. ಅದನ್ನು ಕೇಳಿ ಜನ, ದನ ಎಲ್ಲ ನದಿಯ ಪಾತ್ರದಿಂದ ಮೇಲೆ ಹತ್ತಬೇಕು. ಇದು ಅಲ್ಲಿಯ ಪದ್ಧತಿ.

ಸೈರನ್ ಕಾಯುವವಳು ಫಕೀರವ್ವ ಎಂಬ ಹೆಂಗಸು. ಕಚೇರಿಯಿಂದ ಫೋನು ಬಂದ ಕೂಡಲೇ ಗುಂಡಿ ಒತ್ತುವುದು ಅವಳ ಕೆಲಸ. ಕೆಲಸ ಅಷ್ಟೇ. ಆದರೆ ಅವಳು ಅದನ್ನು ಅಷ್ಟೇ ಎಂದುಕೊಂಡವಳಲ್ಲ. ಊಟವನ್ನೂ ಫೋನಿನ ಪಕ್ಕದಲ್ಲೇ ಮಾಡುತ್ತಿದ್ದಳು. ತಾನು ಕಾಯಲು ತೊಡಗಿದ ಮೇಲೆ ನದಿ ಒಬ್ಬರನ್ನೂ ಒಯ್ದಿಲ್ಲ ಎಂದು ಎದೆ ಎತ್ತಿ ಹೇಳುತ್ತಿದ್ದಳು. ಊರಿನವರು ಅದನ್ನು ಒಪ್ಪುತ್ತಿದ್ದರು.

ಅದೇ ಅಣೆಕಟ್ಟಿನಲ್ಲಿ ಒಬ್ಬ ಎಂಜಿನಿಯರ್ ಇದ್ದ. ಗೇಟಿನ ಯಂತ್ರ ತನ್ನ ಲಾಗನ್ನು ತಾನು ಬರೆಯುತ್ತಿತ್ತು, ಸೈರನ್ನಿನ ಯಂತ್ರ ತನ್ನದನ್ನು ತಾನು ಬರೆಯುತ್ತಿತ್ತು. ನೀರಿನ ಮಟ್ಟ ಅಳೆಯುವ ಯಂತ್ರಕ್ಕೆ ಇನ್ನೊಂದು ಲಾಗ್. ಇವನ್ನೆಲ್ಲ ಒಂದೇ ಕಡತಕ್ಕೆ ತರುವ ಪ್ರೋಗ್ರಾಮನ್ನು ಅವನು ಬರೆದ. ಸಣ್ಣಪುಟ್ಟ ಸಾಲುಗಳನ್ನು ಬಿಟ್ಟ. ಸಮಯವನ್ನು ನಿಮಿಷದವರೆಗೆ ಮಾತ್ರ ಇಟ್ಟ. ಒಂದೇ ನಿಮಿಷಕ್ಕೆ ಎರಡು ಸಾಲು ಬಿದ್ದರೆ ಅಕ್ಷರಕ್ರಮದಲ್ಲಿ ಜೋಡಿಸಿದ. ಕಡತ ಮುತ್ತು ಪೋಣಿಸಿದ ಹಾಗೆ ಕಾಣುತ್ತಿತ್ತು. ಮೇಲಧಿಕಾರಿ ಅದರ ಒಂದು ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಬೇರೆ ಅಣೆಕಟ್ಟಿನವರು ಬಂದು ನೋಡಿಹೋದರು. ಎಂಜಿನಿಯರನಿಗೆ ಬಹಳ ಹೆಮ್ಮೆಯಾಯಿತು. ಆಗಬೇಕಾದದ್ದೇ.

ಒಂದು ದಿನ ಮೇಲಿನ ಸೀಮೆಯಲ್ಲಿ ಮಳೆ ಸುರಿದು ನೀರು ಏಕಾಏಕಿ ಏರಿತು. ಯಾವಾಗಲೂ ಕಚೇರಿಯವರು ಮೊದಲು ಸೈರನ್ನಿಗೆ ಫೋನು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಗೇಟಿನವನಿಗೆ ಹೇಳುತ್ತಿದ್ದರು. ಅಂದು ಗಾಬರಿಯಲ್ಲಿ ಇಬ್ಬರಿಗೂ ಒಟ್ಟಿಗೇ ಹೇಳಿಬಿಟ್ಟರು. ಗೇಟು ಎದ್ದಿತು. ಸೈರನ್ನೂ ಕೂಗಿತು. ನದಿಯ ತಿರುವಿನಲ್ಲಿ ಒಬ್ಬ ಎಮ್ಮೆ ಕಾಯುವವನಿದ್ದ. ಅವನು ಒಂದು ಬಂಡೆಯನ್ನು ತಬ್ಬಿಕೊಂಡು ಬದುಕಿದ. ಅವನ ಎಮ್ಮೆಗಳು ಕಣ್ಣೆದುರಿಗೇ ಕೊಚ್ಚಿಹೋದವು.

ಊರು ಕಚೇರಿಯ ಮುಂದೆ ಸೇರಿತು. “ನೀರು ಬಂದ ಮೇಲೆ ಸೈರನ್ ಕೂಗಿತು,” ಎಂದು ಎಮ್ಮೆ ಕಾಯುವವನು ಅಳುತ್ತ ಹೇಳಿದ. ಮೇಲಧಿಕಾರಿ ಕಡತ ತರಿಸಿದ. ಕಡತದಲ್ಲಿ ಎರಡು ಸಾಲು ಒಂದರ ಕೆಳಗೆ ಒಂದು ಇದ್ದವು. ಮೇಲಿನದು: ಗೇಟು ಎದ್ದಿತು. ಕೆಳಗಿನದು: ಸೈರನ್ ಕೂಗಿತು.

“ಗೇಟು ಎದ್ದ ಮೇಲೆ ಸೈರನ್ ಕೂಗಿದೆ. ಯಂತ್ರ ಸುಳ್ಳು ಹೇಳುವುದಿಲ್ಲ,” ಎಂದ ಅಧಿಕಾರಿ. “ನಾವು ತಕ್ಷಣ ಹೇಳಿದ್ದೆವು. ಇವಳೇ ತಡಮಾಡಿದಳು.”

“ಫೋನು ಕಿವಿಯಲ್ಲಿರುವಾಗಲೇ ಒತ್ತಿದ್ದೇನೆ,” ಎಂದಳು ಫಕೀರವ್ವ. “ನಾನು ಮೊದಲು.”

ಗೇಟಿನವನನ್ನು ಕೇಳಿದರು. ಅವನು ಒಳ್ಳೆಯವನು. ಮೋಟಾರಿನ ಸದ್ದಿನಲ್ಲಿ ತನಗೆ ಏನೂ ಕೇಳಿಸುವುದಿಲ್ಲ, ತನ್ನ ಕಣ್ಣು ನೀರಿನ ಮಟ್ಟದ ಮೇಲಿತ್ತು, ಯಾವುದು ಮೊದಲೋ ಆಣೆ ಮಾಡಿ ಹೇಳಲಾರೆ ಎಂದ. ಹೀಗೆ ಮಾತು ಕಡತದ ಕಡೆಗೇ ವಾಲಿತು. ಫಕೀರವ್ವನನ್ನು ಕೆಲಸದಿಂದ ಇಳಿಸಿದರು. ಅವಳು ಮನೆಗೆ ಹೋಗುವಾಗ ನೀರಿನ ಕೊಡ ಹೊತ್ತ ಹೆಂಗಸರು ದಾರಿ ಬದಲಿಸಿದರು. ಅವಳು ತಲೆ ತಗ್ಗಿಸಲಿಲ್ಲ. ದಾರಿಯ ನಟ್ಟನಡುವೆ ನಡೆದುಕೊಂಡು ಹೋದಳು.

ಎಂಜಿನಿಯರ್ ಆ ಗುಂಪಿನಲ್ಲೇ ನಿಂತಿದ್ದ. ‘ಯಂತ್ರ ಸುಳ್ಳು ಹೇಳುವುದಿಲ್ಲ’ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ಅವನಿಗೆ ಹಿತವಾಯಿತು. ತನ್ನ ಪ್ರೋಗ್ರಾಮಿನ ಮೇಲೆ ಎಷ್ಟು ನಂಬಿಕೆ ಎಂದುಕೊಂಡ. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತಾಗ ಅವನಿಗೆ ಹೊಳೆಯಿತು. ಎರಡೂ ಸಾಲುಗಳು ಒಂದೇ ನಿಮಿಷದವು. ಗೇಟು ಮೇಲೆ ಇರುವುದು ಅದು ಮೊದಲು ಎದ್ದದ್ದರಿಂದ ಅಲ್ಲ. ಗಕಾರ ಮೊದಲು, ಸಕಾರ ಆಮೇಲೆ, ಅದಕ್ಕೆ. ಅವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಅಧಿಕಾರಿಗೆ ಹೇಳಿದ. ಅಧಿಕಾರಿ ಬಾಗಿಲು ಹಾಕಿಸಿದ.

“ನಿನ್ನನ್ನು ಯಾರೂ ಕೇಳಿಲ್ಲ,” ಎಂದ. “ನಿನ್ನ ಪ್ರೋಗ್ರಾಮನ್ನು ಎಲ್ಲ ಅಣೆಕಟ್ಟುಗಳಿಗೂ ತರುವ ಮಾತು ನಡೆದಿದೆ. ನಿನ್ನ ಹೆಸರು ಹೋಗುತ್ತದೆ. ಅವಳಿಗೆ ಬೇರೆ ಎಲ್ಲಾದರೂ ಕೆಲಸ ಕೊಡಿಸೋಣ.”

ಎಂಜಿನಿಯರ್ ಆ ಇಡೀ ದಿನ ಯೋಚಿಸಿದ. ಪ್ರೋಗ್ರಾಂ ಅವನ ಮಗುವಿನ ಹಾಗೆ. ಅದಕ್ಕೆ ತಾನೇ ಮಸಿ ಬಳಿಯಬೇಕೆ? ಬಳಿಯದೆ ಇದ್ದರೆ ಆ ಮಸಿ ಇನ್ನೊಬ್ಬರ ಮುಖದ ಮೇಲೆ ಇದ್ದೇ ಇದೆ. ಊರಿನವರನ್ನು ಕರೆದು ತೀರ್ಮಾನ ಓದಿಹೇಳುವ ಸಭೆಯಲ್ಲಿ ಅವನು ಎದ್ದು ನಿಂತ.

“ಆ ಕ್ರಮ ನದಿಯದಲ್ಲ, ನನ್ನದು,” ಎಂದ. “ಒಂದೇ ನಿಮಿಷದಲ್ಲಿ ಯಾವುದು ಮೊದಲು ನಡೆಯಿತು ಎಂಬುದು ನನ್ನ ಪ್ರೋಗ್ರಾಮಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅದು ಒಂದನ್ನು ಮೇಲೆ, ಒಂದನ್ನು ಕೆಳಗೆ ಇಡುತ್ತದೆ. ಹಾಗೆ ಇಡು ಎಂದು ಹೇಳಿಕೊಟ್ಟವನು ನಾನು.”

ಸಭೆ ಗದ್ದಲವಾಯಿತು. ಅಧಿಕಾರಿಗೆ ಬೇರೆ ದಾರಿ ಇರಲಿಲ್ಲ. “ಹಾಗಾದರೆ ತಪ್ಪು ಯಾರದು ಎಂದು ಗೊತ್ತಾಗುವಂತಿಲ್ಲ. ಫಕೀರವ್ವ, ನಿನ್ನ ಮೇಲಿನ ಆರೋಪ ಬಿಟ್ಟಿದ್ದೇವೆ. ನಾಳೆಯಿಂದ ಕೆಲಸಕ್ಕೆ ಬಾ,” ಎಂದ.

ಫಕೀರವ್ವ ಕೂತಲ್ಲಿಂದ ಎದ್ದಳು.

“ಬರುವುದಿಲ್ಲ, ಸಾಹೇಬರೇ. ಗೊತ್ತಿಲ್ಲ ಎಂದು ಬಿಟ್ಟುಬಿಡಲು ನಾನು ಕಳ್ಳಿಯಲ್ಲ. ನಾನು ಮೊದಲು ಕೂಗಿಸಿದೆ. ಅಷ್ಟನ್ನು ಈ ಜನರ ಮುಂದೆ ಹೇಳಿ. ಅಲ್ಲಿಯ ತನಕ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ.”

ಹೀಗೆಂದು ಸೆರಗು ಕೊಡವಿ ಹೊರಟುಹೋದಳು. ಹೊಟ್ಟೆಪಾಡಿಗೆ ಊರಿನವರ ಹೊಲದಲ್ಲಿ ಕಳೆ ಕೀಳತೊಡಗಿದಳು. ಸಿಕ್ಕ ಕೆಲಸವನ್ನು ಕಾಲಿನಿಂದ ಒದ್ದಳು ಎಂದು ಕೆಲವರು ನಕ್ಕರು.

ಎಂಜಿನಿಯರ್ ನಗಲಿಲ್ಲ. ಸಭೆಯಲ್ಲಿ ಎದ್ದು ನಿಂತಾಗ ತಾನು ದೊಡ್ಡ ಕೆಲಸ ಮಾಡಿದೆ ಎಂದು ಅವನು ಅಂದುಕೊಂಡಿದ್ದ. ಈಗ ನೋಡಿದರೆ ಅರ್ಧ ಕೆಲಸ ಮಾತ್ರ ಆಗಿತ್ತು. ತಾನು ಕೊಟ್ಟದ್ದು ಬಿಡುಗಡೆ. ಅವಳು ಕೇಳಿದ್ದು ಅವಳಿಗೆ ಸಲ್ಲಬೇಕಾದ ಜಾಗ.

ಅವನು ಒಟ್ಟುಗೂಡಿಸಿದ ಕಡತವನ್ನು ಬದಿಗಿಟ್ಟು, ಒಂದೊಂದು ಯಂತ್ರ ತಾನೇ ಬರೆದ ಲಾಗನ್ನು ತೆಗೆದು ಕೂತ. ಗಡಿಯಾರ ಸಹಾಯಕ್ಕೆ ಬರಲಿಲ್ಲ. ಒಂದು ಯಂತ್ರದ ಗಡಿಯಾರ ಮುಂದೆ ಓಡುತ್ತಿತ್ತು, ಇನ್ನೊಂದರದು ಹಿಂದೆ. ಕ್ಷಣದ ಲೆಕ್ಕವನ್ನು ಎರಡರ ನಡುವೆ ಹೋಲಿಸುವಂತಿರಲಿಲ್ಲ. ಆದರೆ ಒಂದು ಯಂತ್ರ ಬರೆದ ಸಾಲುಗಳು ಆ ಯಂತ್ರದ ಮಟ್ಟಿಗೆ ನಡೆದ ಕ್ರಮದಲ್ಲೇ ಇದ್ದವು. ಯಾರೂ ಅವನ್ನು ಜೋಡಿಸಲು ಹೋಗಿರಲಿಲ್ಲ.

ಗೇಟಿನ ಬಳಿ ಒಂದು ಕೆಂಪು ದೀಪವಿತ್ತು. ಫಕೀರವ್ವ ಗುಂಡಿ ಒತ್ತಿದರೆ ಅದು ಹೊತ್ತುತ್ತಿತ್ತು. ಗೇಟಿನವನು ಅದನ್ನು ನೋಡುವುದನ್ನು ಎಂದೋ ಬಿಟ್ಟಿದ್ದ. ಯಂತ್ರ ಬಿಟ್ಟಿರಲಿಲ್ಲ. ದೀಪ ಹೊತ್ತಿದಾಗಲೆಲ್ಲ ಗೇಟಿನ ಯಂತ್ರ ಒಂದು ಸಾಲು ಬರೆಯುತ್ತಿತ್ತು. ಎಂಜಿನಿಯರನ ಪ್ರೋಗ್ರಾಂ ಸಣ್ಣಪುಟ್ಟದ್ದೆಂದು ಬಿಟ್ಟ ಸಾಲುಗಳಲ್ಲಿ ಅದೂ ಒಂದು. ಈಗ ಅವನು ಓದಿದ. ದೀಪ ಹೊತ್ತಿತು. ಅದರ ಕೆಳಗೆ: ಗೇಟು ಎದ್ದಿತು.

ಗುಂಡಿ ಒತ್ತದೆ ದೀಪ ಹೊತ್ತುವುದಿಲ್ಲ. ದೀಪ ಹೊತ್ತಿದ ಮೇಲೆ ಗೇಟು ಎದ್ದಿದೆ. ಇದಕ್ಕೆ ಯಾವ ಗಡಿಯಾರವೂ ಬೇಕಿರಲಿಲ್ಲ.

ಅವನು ಅಧಿಕಾರಿಯ ಅಪ್ಪಣೆ ಕೇಳಲು ಹೋಗಲಿಲ್ಲ. ನದಿಯ ದಂಡೆಗೆ ಊರನ್ನು ಕರೆದ. ದೀಪವನ್ನೂ ಗೇಟನ್ನೂ ಎಲ್ಲರಿಗೂ ತಿಳಿಯುವ ಹಾಗೆ ವಿವರಿಸಿದ. ಗೇಟಿನವನು ಎದ್ದು, “ಹೌದು, ದೀಪ ಅಲ್ಲೇ ಇದೆ, ನಾನು ನೋಡುವುದಿಲ್ಲ, ಅದು ನನ್ನ ತಪ್ಪು,” ಎಂದ. ಆಮೇಲೆ ಎಂಜಿನಿಯರ್ ಗಟ್ಟಿಯಾಗಿ ಹೇಳಿದ: “ಫಕೀರವ್ವ ಮೊದಲು ಕೂಗಿಸಿದಳು.”

ಎಮ್ಮೆ ಕಾಯುವವನು ಮುಂದೆ ಬಂದ. “ಅವ್ವಾ, ನಾನು ಸುಳ್ಳು ಹೇಳಲಿಲ್ಲ. ನನ್ನ ಮೊಣಕಾಲಿಗೆ ನೀರು ಬಡಿದಾಗಲೇ ನನಗೆ ಕೂಗು ಕೇಳಿಸಿದ್ದು,” ಎಂದ.

“ನೀನೂ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ,” ಎಂದಳು ಫಕೀರವ್ವ. “ಹಾಗಾದರೆ ಕೂಗಿಗೂ ನೀರಿಗೂ ನಡುವೆ ಹೊತ್ತೇ ಇರಲಿಲ್ಲ. ಇಬ್ಬರಿಗೂ ಒಟ್ಟಿಗೆ ಫೋನು ಮಾಡಿದವರು ಯಾರು, ಅದನ್ನು ಕೇಳು.”

ಕ್ರಮ ಸರಿಯಾದ ಮೇಲೆ ಪ್ರಶ್ನೆಯೂ ಸರಿಯಾದ ಬಾಗಿಲಿಗೆ ಹೋಯಿತು. ಅಧಿಕಾರಿ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. ಎಮ್ಮೆ ಕಾಯುವವನಿಗೆ ಕಚೇರಿಯೇ ಎಮ್ಮೆಗಳನ್ನು ಕೊಡಿಸಿತು. ದೀಪ ಹೊತ್ತಿ, ಜನ ದಂಡೆ ಹತ್ತುವಷ್ಟು ಹೊತ್ತು ಕಳೆಯುವ ತನಕ ಗೇಟು ಏಳದಂತೆ ದೀಪಕ್ಕೂ ಗೇಟಿನ ಮೋಟಾರಿಗೂ ತಂತಿ ಜೋಡಿಸಿದರು. ಫಕೀರವ್ವ ತನ್ನ ಕೋಣೆಗೆ ಹಿಂತಿರುಗಿದಳು. ಊರಿನ ಹೆಂಗಸರು ಜೊತೆಗೆ ಬಂದು ಕೋಣೆಯನ್ನು ಸಾರಿಸಿ ರಂಗೋಲಿ ಹಾಕಿದರು. ಬೇಡ ಎಂದು ಅವಳು ಒಂದು ಸಲವೂ ಹೇಳಲಿಲ್ಲ.

ಎಂಜಿನಿಯರ್ ಪ್ರೋಗ್ರಾಮನ್ನು ತಿರುಗಿ ಬರೆದ. ಸಾಲು ಹುಟ್ಟುವಾಗಲೇ ಅದಕ್ಕೊಂದು ಸರಣಿ ಸಂಖ್ಯೆ ಕೊಟ್ಟ. ಒಂದು ಯಂತ್ರದ ಒಳಗೆ ಹಿಂದಿನದು ಹಿಂದೆ, ಮುಂದಿನದು ಮುಂದೆ. ಅದನ್ನು ಯಾರೂ ಕದಲಿಸುವಂತಿಲ್ಲ. ಎರಡು ಯಂತ್ರಗಳ ನಡುವೆ, ಗುಂಡಿ ಒತ್ತಿದ್ದರಿಂದ ದೀಪ ಹೊತ್ತಿದ ಹಾಗೆ ಒಂದರಿಂದ ಇನ್ನೊಂದು ಆದದ್ದಾದರೆ, ಆಗಿಸಿದ್ದು ಮೊದಲು. ಯಾವುದೂ ತಿಳಿಯದ ಕಡೆ ಪ್ರೋಗ್ರಾಂ ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟು ‘ಯಾವುದು ಮೊದಲೋ ತಿಳಿಯದು’ ಎಂದು ಬರೆಯುತ್ತಿತ್ತು. ಕಡತ ನೋಡಲು ಅಂಕುಡೊಂಕಾಯಿತು. ಗೋಡೆಯ ಚೌಕಟ್ಟನ್ನು ಅವನೇ ಇಳಿಸಿದ.

ಬೇರೆ ಅಣೆಕಟ್ಟಿನವರು ಮತ್ತೆ ನೋಡಲು ಬಂದರು. “ಮೊದಲು ಎಷ್ಟು ಚೆನ್ನಾಗಿತ್ತು!” ಎಂದು ಮರುಗಿದರು.

ಎಂಜಿನಿಯರ್ ಆ ಅಂಕುಡೊಂಕು ಸಾಲಿನ ಮೇಲೆ ಬೆರಳಿಟ್ಟ. ಹಿಂದೆ ಎಂದೂ ಅವನ ಮುಖದ ಮೇಲೆ ಅಂಥ ಹೆಮ್ಮೆಯನ್ನು ಯಾರೂ ಕಂಡಿರಲಿಲ್ಲ.

“ಆಗ ಇದಕ್ಕೆ ಗೊತ್ತಿಲ್ಲ ಎನ್ನಲು ಬರುತ್ತಿರಲಿಲ್ಲ,” ಎಂದ. “ಈಗ ಬರುತ್ತದೆ. ನಾನೇ ಕಲಿಸಿದ್ದು.”

ಗುರುಗಳು ಕತೆ ನಿಲ್ಲಿಸಿದರು. ಇಂದುಧರನಿಗೆ ಕತೆ ಬಹಳ ಹಿಡಿಸಿತ್ತು.

“ದೊಡ್ಡ ಮನುಷ್ಯ ಆ ಎಂಜಿನಿಯರ್,” ಎಂದ. “ಆದರೆ ಗುರುಗಳೇ, ಅಲ್ಲಿ ಫಕೀರವ್ವ ಇದ್ದಳು, ಎದ್ದು ನಿಂತು ಕೇಳಿದಳು. ನನ್ನ ಲಾಗ್ ಫೈಲಿನ ಬಗ್ಗೆ ಇದುವರೆಗೆ ಯಾರೂ ಬಂದು ದೂರಿಲ್ಲ.”

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

“ಆಂಬುಲೆನ್ಸಿಗೆ ಮೊದಲು ಕರೆ ಮಾಡಿ ನಿನ್ನ ಅಕ್ಷರಕ್ರಮದಲ್ಲಿ ಕೊನೆಗೆ ಹೋದವರು ದೂರಲು ಬರುವ ಸ್ಥಿತಿಯಲ್ಲಿ ಇದ್ದಾರೆಯೇ, ಇಂದುಧರ?”