ಮಂಡಿಗೆರಾಯನ ಎಬ್ಬಿಸುವ ಮಂಗಳವಾರ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಆ ಊರು ತನ್ನ ಹೆಸರನ್ನು ಒಗೆದು ಹಗ್ಗದ ಮೇಲೆ ಹಾಕಿದೆ, ಇನ್ನೂ ಒಣಗಿಲ್ಲ, ಅಂಥ ಊರಿನಲ್ಲಿ ಮಂಡಿಗೆರಾಯ ಅಂತ ಒಬ್ಬ ರಾಜನಿದ್ದ. ರಾಜ ಅಂದಮೇಲೆ ಆನೆ, ಕುದುರೆ, ಕಿರೀಟ ಎಲ್ಲ ಇರಬೇಕಲ್ಲ? ಇದ್ದವು. ಜೊತೆಗೆ ಒಂದು ಕಂಪ್ಯೂಟರ್ ಕಂಪನಿಯೂ ಇತ್ತು.

ಆ ಕಂಪನಿಯಲ್ಲಿ ಕೂಗುಪೆಟ್ಟಿಗೆ ಮಾಡುತ್ತಿದ್ದರು. ಕೂಗುಪೆಟ್ಟಿಗೆ ಅಂದರೆ ಒಲೆ ಪಕ್ಕದಲ್ಲಿ ಇಡುವ ಸಣ್ಣ ಪೆಟ್ಟಿಗೆ. ಹಾಲು ಉಕ್ಕುವ ಮೊದಲು ಅದು "ಹಾಲೂ!" ಅಂತ ಕೂಗಬೇಕು, ಮನೆಯವರು ಓಡಿಬಂದು ಒಲೆ ಆರಿಸಬೇಕು. ಅಷ್ಟೇ. ಆದರೆ ಪೆಟ್ಟಿಗೆಗೆ ಇಷ್ಟು ಬುದ್ಧಿ ಬರಬೇಕಾದರೆ ಕೋಡ್ ಬರೆಯಬೇಕಲ್ಲ? ನೂರಾ ಒಂದು ಜನ ನೂರಾ ಒಂದು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು. ಹಾಲು ಯಾವುದು, ಗಂಜಿ ಯಾವುದು ಅಂತ ಪೆಟ್ಟಿಗೆಗೆ ಕಲಿಸಿದವಳು ಜುಬೇದಾ. ಅದಕ್ಕೆ ಕೂಗು ಕಲಿಸಿದವನು ದಾಸೇಗೌಡ. ಅವನು ಪಿಸುಗುಟ್ಟಿದರೂ ಹಂಚು ಅದುರುತ್ತಿತ್ತು.

ಇನ್ನು ಅಂಬುಜಿ. ಈ ಕತೆ ಅವಳದೇ. ಯಾವಾಗ ಕೂಗಬೇಕು ಅಂತ ಪೆಟ್ಟಿಗೆಗೆ ಕಲಿಸುವುದು ಅವಳ ಕೆಲಸ. ಇದೇನು ಮಹಾ ಅನ್ನಬೇಡಿ. ಉಕ್ಕಿದ ಮೇಲೆ ಕೂಗಿದರೆ ಒಲೆ ಒರೆಸುವುದೇ ಕೆಲಸ. ತುಂಬ ಮೊದಲೇ ಕೂಗಿದರೆ ಜನ ಓಡಿಬರುತ್ತಾರೆ, ಏನೂ ಆಗಿಲ್ಲ ಅಂತ ಬೈದುಕೊಂಡು ವಾಪಸು ಹೋಗುತ್ತಾರೆ, ಆಮೇಲೆ ಉಕ್ಕುತ್ತದೆ. ಕೆನೆಯ ಅಂಚು ಪಾತ್ರೆ ಬಿಟ್ಟು ಮೇಲೇಳುವ ಒಂದು ಗಳಿಗೆ ಇದೆ ನೋಡಿ, ಅದೇ ಗಳಿಗೆ ಬೇಕು. ಅದಕ್ಕೆ ಅಂಬುಜಿ ತನ್ನ ಕುರ್ಚಿಯ ಪಕ್ಕ ಒಲೆ ಇಟ್ಟುಕೊಂಡು ಹಾಲು ಕಾಯಿಸುತ್ತಿದ್ದಳು. ನೋಡುತ್ತಿದ್ದಳು. ಒಂದು ಸಾಲು ಬರೆಯುತ್ತಿದ್ದಳು. ಮತ್ತೆ ಕಾಯಿಸುತ್ತಿದ್ದಳು. ಎಮ್ಮೆ ಹಾಲಿಗೆ ಸರಿಹೋದದ್ದು ಹಸುವಿನ ಹಾಲಿಗೆ ಆಗುತ್ತಿರಲಿಲ್ಲ. ಹಸುವಿನದಕ್ಕೆ ಸರಿಹೋದರೆ ಎಮ್ಮೆ ಮುನಿಸಿಕೊಳ್ಳುತ್ತಿತ್ತು. ಹತ್ತು ವರ್ಷ ಹೀಗೇ ಆಯಿತು. ಆದರೆ ಒಂದೊಂದು ದಿನ ಪೆಟ್ಟಿಗೆ ಆ ಗಳಿಗೆಗೆ ಸರಿಯಾಗಿ "ಹಾಲೂ!" ಅಂದುಬಿಡುತ್ತಿತ್ತು. ಅವತ್ತು ಅಂಬುಜಿಗೆ ಎಷ್ಟು ಸಂತೋಷ ಅಂದರೆ, ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಕತ್ತೆಗೂ "ಊಟ ಆಯ್ತಾ?" ಅಂತ ಕೇಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ರಾಜ ಎದ್ದು ನೋಡುತ್ತಾನೆ, ಅವನ ಸಮಾಧಾನ ಕಾಣಿಸುತ್ತಿಲ್ಲ! ರಾತ್ರಿ ಮಲಗುವಾಗ ಇತ್ತು. ದಿಂಬಿನ ಕೆಳಗೆ ನೋಡಿದ, ಇಲ್ಲ. ಕಿರೀಟ ಬೋರಲು ಹಾಕಿ ಕುಟ್ಟಿದ, ಇಲ್ಲ. ರಾಣಿಯನ್ನು ಕೇಳಿದ.

"ನಿಮ್ಮ ವಸ್ತು ನೀವು ಎಲ್ಲಿಟ್ಟಿರೋ ನನಗೇನು ಗೊತ್ತು?" ಅಂದಳು ರಾಣಿ.

ಆಗ ಊರಾಚೆಯಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಅವನು ದೊಡ್ಡ ಹಲಗೆ ತಂದು ಅದರ ಮೇಲೆ ಬಾಣಗಳ ಚಿತ್ರ ಬರೆದ. ಮೇಲೆ ಹೋಗುವ ಬಾಣ, ಕೆಳಗೆ ಬರುವ ಬಾಣ, ಸುಮ್ಮನೆ ಸುತ್ತುವ ಬಾಣ. ಬರೆದು ಮುಗಿಸಿ ಹೇಳಿದ: "ಮಹಾಸ್ವಾಮಿ, ಕಳೆದುಹೋದ ವಸ್ತು ಕಾಣ್ತಿಲ್ಲ ಅಂದ್ರೆ ಅದರ ಮೇಲೆ ಯಾರೋ ಕೂತಿದ್ದಾರೆ ಅಂತಲೇ ಅರ್ಥ. ತಮ್ಮ ರಾಜ್ಯದಲ್ಲಿ ಹೆಚ್ಚು ಜನ ಕೂತಿರೋದು ಎಲ್ಲಿ?"

"ಕಂಪನೀಲಿ!" ಅಂದ ರಾಜ.

"ಹಾಗಾದ್ರೆ ಒಬ್ಬೊಬ್ಬರನ್ನೇ ಎಬ್ಬಿಸಿ ಕುರ್ಚಿ ಕೆಳಗೆ ನೋಡಿ."

ಎಬ್ಬಿಸಿ ನೋಡಿದರೆ ತಪ್ಪೇನು, ಮತ್ತೆ ಕೂರುತ್ತಾರೆ ಅಂತೀರಾ? ಅಲ್ಲೇ ಇರುವುದು ತೊಡಕು. ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಮಂಡಿಗೆರಾಯನ ಮುತ್ತಜ್ಜ ಒಂದು ಸಲ ನೀರು ಕುಡಿಯಲು ಸಿಂಹಾಸನದಿಂದ ಎದ್ದನಂತೆ. ಕುಡಿದು ಬರುವಷ್ಟರಲ್ಲಿ ಅವನ ಭಾವಮೈದ ಕೂತುಬಿಟ್ಟಿದ್ದನಂತೆ. ಅವನನ್ನು ಇಳಿಸಲು ಹನ್ನೊಂದು ವರ್ಷ ಯುದ್ಧ ನಡೆಯಿತು. ಅಂದಿನಿಂದ ಕಟ್ಟಳೆ ಏನು ಅಂದರೆ, ಸಿಂಹಾಸನದಲ್ಲಿ ಕೂತವರು ಯಾರಿಗಾದರೂ "ಏಳು" ಅಂದರೆ, ಎದ್ದವರು ಮತ್ತೆ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಊಟಕ್ಕೆ, ಕೈತೊಳೆಯುವುದಕ್ಕೆ ತಾವಾಗಿ ಏಳಬಹುದು. "ಏಳು" ಅನ್ನಿಸಿಕೊಂಡು ಎದ್ದರೆ ಮನೆಗೆ.

ಹೀಗೆ ಶುರುವಾಯಿತು ಎಬ್ಬಿಸುವ ಮಂಗಳವಾರ. ಪ್ರತಿ ಮಂಗಳವಾರ ನಾಲ್ಕು ಜನ ಸಿಂಹಾಸನ ಹೊತ್ತು ತರುವರು. ರಾಜ ಅದರಲ್ಲಿ ಕೂತು "ಏಳು" ಅನ್ನುವನು. ಏಳುವರು. ರಾಜ ಇಳಿದು ಬಗ್ಗಿ ಕುರ್ಚಿಯ ಕೆಳಗೆ ಇಣುಕುವನು. ಒಂದರ ಕೆಳಗೆ ಪೆನ್ನಿನ ಮುಚ್ಚಳ ಸಿಕ್ಕಿತು. ಇನ್ನೊಂದರ ಕೆಳಗೆ ಒಂಟಿ ಚಪ್ಪಲಿ ಸಿಕ್ಕಿತು. ಸಮಾಧಾನ ಸಿಗಲಿಲ್ಲ.

ದಾಸೇಗೌಡನನ್ನು ಎಬ್ಬಿಸಿದ ದಿನ ಅವನ ಕುರ್ಚಿಗೆ ತಡೆಯಲಾಗಲಿಲ್ಲ, ಬಾಯಿ ಬಿಟ್ಟಿತು. "ನನ್ನ ಕೆಳಗೆ ಏನೂ ಇಲ್ಲ ಸ್ವಾಮಿ. ಮೇಲೆ ಒಬ್ಬ ಇದ್ದ, ಅವನನ್ನೂ ಕಳಿಸಿದ್ರಿ."

"ಕುರ್ಚಿ ಮಾತಾಡ್ತಿದೆ!" ಅಂದ ರಾಜ.

"ಖಾಲಿ ಕೂತವರಿಗೆ ಮಾತು ಜಾಸ್ತಿ," ಅಂದ ಸಲಹೆಗಾರ. ಹೇಳಿ ಇನ್ನೊಂದು ಬಾಣ ಬರೆದ.

ಕಂಪನಿಯಲ್ಲಿ ಉಳಿದವರ ಅವಸ್ಥೆ ಕೇಳಬೇಡಿ. ಒಬ್ಬ ತನ್ನನ್ನು ಕುರ್ಚಿಗೆ ಬಿಗಿದುಕೊಂಡು ಕುರ್ಚಿಯ ಸಮೇತ ಮನೆಗೆ ಹೋಗಿಬರತೊಡಗಿದ. ಒಬ್ಬಳು ತಾನು ಕುರ್ಚಿಯೇ ಅಂತ ತೋರಿಸಲು ಕೈ ಮುಂದೆ ಚಾಚಿಕೊಂಡು ಅಲ್ಲಾಡದೆ ಕೂತಳು, ಅವಳ ಮೇಲೆ ಇನ್ನೊಬ್ಬ ಬಂದು ಕೂತ. ಯಾರೂ ಕೆಲಸ ಮಾಡುತ್ತಿರಲಿಲ್ಲ. ಎಲ್ಲರೂ ಮಂಗಳವಾರ ಎಷ್ಟು ದೂರ ಇದೆ ಅಂತ ನೋಡುವುದರಲ್ಲೇ ಇದ್ದರು.

ಅಂಬುಜಿ ಮಾತ್ರ ಹಾಲು ಕಾಯಿಸುತ್ತಿದ್ದಳು.

"ನಿಂಗೆ ಭಯ ಆಗಲ್ವೇನೇ?" ಅಂತ ಜುಬೇದಾ ಕೇಳಿದಳು.

"ಯಾಕಾಗಲ್ಲ? ಮಂಗಳವಾರ ಬೆಳಿಗ್ಗೆ ತಿಂಡಿ ಇಳಿಯಲ್ಲ. ಆದ್ರೆ ನಾನು ಹೆದರಿಕೊಂಡು ಕೂತ್ರೆ ಹಾಲು ಕಾಯುತ್ತಾ? ಎಬ್ಬಿಸಿದ ದಿನ ಏಳೋಣ ಕಣೇ. ಇವತ್ತು ಕೂತಿದ್ದೀವಲ್ಲ, ಈ ಎಮ್ಮೆ ಹಾಲು ಒಂದು ನೋಡಿಬಿಡೋಣ."

ಅದೇನು ಅದೃಷ್ಟವೋ, ರಾಜ ಅಂಬುಜಿಯ ಹತ್ತಿರ ಬರುವಾಗಲೆಲ್ಲ ಪಾತ್ರೆಯಲ್ಲಿ ಕೆನೆ ಅಲ್ಲಾಡುತ್ತಿತ್ತು. ಅವಳು ತಲೆ ಎತ್ತದೆ, "ಒಂದ್ನಿಮಿಷ ಸ್ವಾಮಿ, ಹಾಲಿಟ್ಟಿದೀನಿ," ಅನ್ನುತ್ತಿದ್ದಳು. ಮಂಡಿಗೆರಾಯ ಚಿಕ್ಕವನಿದ್ದಾಗ ಅಮ್ಮನನ್ನು ಮಾತಿಗೆಳೆದು ಹಾಲು ಉಕ್ಕಿಸಿ ಏಟು ತಿಂದವನು. ಹಾಗಾಗಿ ತುಟಿಯ ಮೇಲೆ ಬೆರಳಿಟ್ಟುಕೊಂಡು, ಹೆಜ್ಜೆ ಸಪ್ಪಳ ಮಾಡದೆ ಪಕ್ಕದ ಕುರ್ಚಿಗೆ ಹೋಗುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಇದ್ದವಳು ಜುಬೇದಾ. ಹಾಗೆ ಅವಳೂ ಎದ್ದುಹೋದಳು. ಅವತ್ತು ಅಂಬುಜಿ ಅತ್ತಳು. ಅಳುತ್ತ ಅಳುತ್ತ ಒಂದು ಪಾತ್ರೆ ಹಾಲು ಉಕ್ಕಿಸಿದಳು.

ಇತ್ತ ಊರಿನಲ್ಲಿ ಏನಾಯಿತು ಕೇಳಿ. ಹೊಸದಾಗಿ ಬಂದ ಪೆಟ್ಟಿಗೆಗಳಿಗೆ ದಾಸೇಗೌಡನ ಕೂಗು ಇರಲಿಲ್ಲ. ಅವು ಎಲ್ಲಿ ಯಾರಾದರೂ ಕೇಳಿಸಿಕೊಂಡಾರೋ ಅನ್ನುವ ಹಾಗೆ "ಹಾಲು..." ಅಂತ ಉಸುರುತ್ತಿದ್ದವು. ಜುಬೇದಾ ಹೋದ ಮೇಲಂತೂ ಅವಕ್ಕೆ ಹಾಲು ಯಾವುದು ಅಂತಲೇ ಗೊತ್ತಿಲ್ಲ. ಗಂಜಿಗೂ ಹಾಲು, ಸ್ನಾನದ ನೀರಿಗೂ ಹಾಲು, ಅತ್ತೆಗೆ ಸಿಟ್ಟು ಏರಿದರೂ ಹಾಲು. ಜನ ಪೆಟ್ಟಿಗೆಯನ್ನು ನಂಬುವುದು ಬಿಟ್ಟರು, ಒಲೆಯನ್ನು ನೋಡುವುದು ಮೊದಲೇ ಬಿಟ್ಟಿದ್ದರು. ಮನೆಮನೆಯಲ್ಲೂ ಹಾಲು ಉಕ್ಕಿ ಬೀದಿಗೆ ಬಂತು. ಬೆಕ್ಕುಗಳು ಕುಡಿದು ಕುಡಿದು ಎದ್ದು ನಿಲ್ಲಲಾರದೆ ಹೋದವು. ಇಲಿಗಳು ಹಾಡುಹಗಲೇ ಮದುವೆ ಮಾಡಿಕೊಂಡು ಬೀದಿಯಲ್ಲಿ ಮೆರವಣಿಗೆ ಹೊರಟವು. ರಾಜನ ಆನೆ ಮೂಲೆ ಬೀದಿಯಲ್ಲಿ ಕಾಲು ಜಾರಿ, ಕೂತ ಭಂಗಿಯಲ್ಲೇ ಮಾರುಕಟ್ಟೆಯವರೆಗೆ ಹೋಗಿ, ಸೌತೆಕಾಯಿ ಅಂಗಡಿಯ ಮುಂದೆ ನಿಂತಿತು. ಅದಕ್ಕೇನು, ಖುಷಿಯೇ ಆಯಿತು.

ಕೊನೆಗೊಂದು ಮಂಗಳವಾರ ರಾಜ ಬಂದಾಗ ನೂರು ಕುರ್ಚಿ ಖಾಲಿ. ಅಂಬುಜಿ ಒಬ್ಬಳೇ ಇದ್ದಳು.

"ಇನ್ನು ಒಂದೇ ಕುರ್ಚಿ ಉಳಿದಿರೋದು. ಸಮಾಧಾನ ಅದರ ಕೆಳಗೇ ಇದೆ," ಅಂದ ಸಲಹೆಗಾರ.

ರಾಜ ಹಾಲು ಉಕ್ಕುವ ಗಳಿಗೆ ಮುಗಿಯುವವರೆಗೂ ಕಾದ. ಆಮೇಲೆ ಮೆಲ್ಲಗೆ ಅಂದ, "ಅಂಬುಜೀ, ನಿನ್ನ ಮುಖದಲ್ಲಿ ಅದು ಕಾಣ್ತಿದೆ. ನನ್ನ ಸಮಾಧಾನ ನೀನೇ ಇಟ್ಕೊಂಡಿದೀಯ. ಕೊಟ್ಟುಬಿಡು, ಅರ್ಧ ರಾಜ್ಯ ಕೊಡ್ತೀನಿ."

"ಅರ್ಧ ರಾಜ್ಯ ನಾನೆಲ್ಲಿ ಇಟ್ಕೊಳ್ಳಲಿ ಸ್ವಾಮಿ? ಮನೇಲಿ ಮಂಚದ ಕೆಳಗೂ ಜಾಗ ಇಲ್ಲ. ಅದು ಕೈಯಲ್ಲಿ ಎತ್ತಿ ಕೊಡೋ ವಸ್ತು ಅಲ್ಲ. ಈ ಕುರ್ಚಿಯಲ್ಲಿ ಕೂತು ಹಾಲು ಕಾಯಿಸ್ತಾ ಇದ್ರೆ ಒಂದೊಂದು ಸಲ ಬರತ್ತೆ, ಹೋಗತ್ತೆ."

"ಹಾಗಾದ್ರೆ ನಾನೇ ಕೂತು ನೋಡ್ತೀನಿ."

ಅಂಬುಜಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ರಾಜ ಕೂರಬೇಕಾದರೆ ಅವಳು ಏಳಬೇಕು. ಎದ್ದರೆ ಹತ್ತು ವರ್ಷದ ಕುರ್ಚಿ ಹೋಯಿತು, ಒಲೆ ಹೋಯಿತು, ಆ ಗಳಿಗೆ ಹೋಯಿತು. ಇನ್ನೊಂದು ಕಡೆ, ಮುಂದೆ ಕೂತಿದ್ದ ಆ ಮನುಷ್ಯನ ಮುಖ ಎಷ್ಟು ಸಪ್ಪಗಿತ್ತು ಅಂದರೆ, ಅವಳಿಗೆ ಪಾಪ ಅನ್ನಿಸಿಬಿಟ್ಟಿತು.

"ಏಳು ಅನ್ನಿ ಮತ್ತೆ," ಅಂದಳು.

"ಏಳು," ಅಂದ ರಾಜ.

ಎದ್ದಳು. ರಾಜ ಸಿಂಹಾಸನ ಬಿಟ್ಟು ಇಳಿದು ಅವಳ ಕುರ್ಚಿಯಲ್ಲಿ ಕೂತ. ಅಂಬುಜಿ ಪಕ್ಕದಲ್ಲಿ ನಿಂತುಕೊಂಡೇ ಹಾಲು ಇಡುವುದು ಹೇಳಿಕೊಟ್ಟಳು, ಸಾಲು ಬರೆಯುವುದು ಹೇಳಿಕೊಟ್ಟಳು. ಮೊದಲನೇ ಸಲ ಉಕ್ಕಿತು. ಎರಡನೇ ಸಲ ಉಕ್ಕಿತು. ಏಳನೇ ಸಲ ಪೆಟ್ಟಿಗೆ ಉಸುರಿತು, ಆದರೆ ಪಾತ್ರೆಗೆ ಹಾಲು ಹಾಕುವ ಮೊದಲೇ ಉಸುರಿತು. ರಾಜ ಕಿರೀಟ ತೆಗೆದು ಪಕ್ಕಕ್ಕಿಟ್ಟ, ಅದರ ಮೇಲೆ ಬಿಸಿ ಪಾತ್ರೆ ಇಡಲು ಅನುಕೂಲವಾಯಿತು. ಅಂಗಿಯ ತೋಳು ಮಡಚಿದ. ಹದಿನೆಂಟನೇ ಸಲ ಕೆನೆಯ ಅಂಚು ಮೇಲೆದ್ದಿತು, ಪೆಟ್ಟಿಗೆ ಸರಿಯಾಗಿ ಅದೇ ಗಳಿಗೆಗೆ ಉಸುರಿತು: "ಹಾಲು..."

"ಅಂಬುಜಕ್ಕಾ!" ಅಂತ ಕಿರುಚಿದ ರಾಜ. "ಅಂದಿತು! ಅಂದಿತಲ್ಲಾ! ಆದ್ರೆ ಇಷ್ಟು ಮೆತ್ತಗೆ ಅಂದ್ರೆ ಯಾರಿಗೆ ಕೇಳಿಸಬೇಕು?"

"ಅದಕ್ಕೆ ದಾಸೇಗೌಡ್ರು ಬೇಕು."

"ಕರೆಸಿ!"

"ಗಂಜಿಗೆ ಕೂಗಬಾರದು ಅಂದ್ರೆ ಜುಬೇದಾ ಬೇಕು."

"ಕರೆಸಿ! ಎಲ್ಲರನ್ನೂ ಕರೆಸಿ!"

ಎಲ್ಲರೂ ಬಂದರು. ಬಂದು ಬಾಗಿಲಲ್ಲೇ ನಿಂತರು. ಕಟ್ಟಳೆ ಇದೆಯಲ್ಲ, ಎದ್ದವರು ಮತ್ತೆ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಅಂಬುಜಿ ಯೋಚಿಸಿ ಹೇಳಿದಳು: "ಅವರವರ ಕುರ್ಚಿಯಲ್ಲಿ ಕೂರಬಾರದು, ಸರಿ. ಪಕ್ಕದವರ ಕುರ್ಚಿಯಲ್ಲಿ ಕೂರಬಾರದು ಅಂತ ಎಲ್ಲಿದೆ?" ಎಲ್ಲೂ ಇರಲಿಲ್ಲ. ದಾಸೇಗೌಡ ಜುಬೇದಾಳ ಕುರ್ಚಿಯಲ್ಲಿ ಕೂತ, ಜುಬೇದಾ ಇನ್ನೊಬ್ಬರದರಲ್ಲಿ ಕೂತಳು, ಹೀಗೆ ನೂರು ಜನ ನೂರು ಕುರ್ಚಿ ಹಿಡಿದರು. ಅಂಬುಜಿಯ ಕುರ್ಚಿಯಲ್ಲಿ ರಾಜನಿದ್ದ. ಅವಳಿಗೆ ಉಳಿದದ್ದು ಸಿಂಹಾಸನ ಒಂದೇ. ನಿಂತು ನಿಂತು ಕಾಲು ನೋಯುತ್ತಿತ್ತು. ಕೂತುಬಿಟ್ಟಳು. ಕೂತು ಲ್ಯಾಪ್‌ಟಾಪ್ ತೆರೆದು ಕೆಲಸ ಶುರುಮಾಡಿದಳು.

ಸಿಂಹಾಸನ ಗದ್ಗದವಾಗಿ ಅಂದಿತು: "ಮುನ್ನೂರು ವರ್ಷ ಆಯ್ತು ತಾಯಿ. ನನ್ನ ಮೇಲೆ ಕೂತು ಯಾರಾದ್ರೂ ಕೆಲಸ ಮಾಡಿದ್ದು ಇದೇ ಮೊದಲು."

ಮತ್ತೆ ಮಂಗಳವಾರ ಬಂತು. ಬರಬೇಡ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಸಲಹೆಗಾರ ಹಲಗೆ ಹೊತ್ತು ಬಂದು, "ಪದ್ಧತಿ ಪದ್ಧತಿಯೇ. ಸಿಂಹಾಸನದಲ್ಲಿ ಕೂತವರು ಯಾರನ್ನಾದ್ರೂ ಎಬ್ಬಿಸಲೇಬೇಕು," ಅಂದ. ನೂರಾ ಒಂದು ಜನ ಉಸಿರು ಹಿಡಿದರು. ಎಲ್ಲರಿಗಿಂತ ಹೆಚ್ಚು ನಡುಗಿದವನು ಮಂಡಿಗೆರಾಯ. ಕೆಲಸಕ್ಕೆ ಹೊಸಬ ಅವನೇ ತಾನೇ? "ಅಕ್ಕಾ, ನನ್ನನ್ನ ಎಬ್ಬಿಸಬೇಡಿ. ಹಸುವಿನ ಹಾಲು ಇನ್ನೂ ಕಲೀಬೇಕು," ಅಂದ. ಅಂದಾಗ ಅವನಿಗೆ ತಾನು ಎಬ್ಬಿಸಿದ್ದ ನೂರು ಜನರ ಮುಖ ಒಂದೊಂದಾಗಿ ಕಾಣಿಸಿತು. ತಲೆ ತಗ್ಗಿಸಿದ.

ಅಂಬುಜಿ ಲ್ಯಾಪ್‌ಟಾಪ್ ಮುಚ್ಚಿದಳು. ಜುಬೇದಾಳ ಮುಖ ನೋಡಿದಳು, ದಾಸೇಗೌಡನ ಮುಖ ನೋಡಿದಳು. ಆಮೇಲೆ ಗಟ್ಟಿಯಾಗಿ ಅಂದಳು: "ಎಲ್ಲರೂ ಏಳಿ!"

ಎದ್ದರು. ಅಂಬುಜಿಯೂ ಎದ್ದಳು.

"ಎಲ್ಲರನ್ನೂ ಎಬ್ಬಿಸಿದ್ದಾಯ್ತು. ಪದ್ಧತಿ ಮುಗೀತು. ಈಗ ಕುರ್ಚಿ ಬದಲಾಯಿಸಿ ಕೂತ್ಕೊಳ್ಳಿ, ಹಾಲು ಕಾದಿದೆ."

ಅಯ್ಯೋ ಆ ಗಲಾಟೆ! ನಗು ಏನು, ನೂಕಾಟ ಏನು! ಕುರ್ಚಿಗಳಂತೂ "ಇಲ್ಲಿ ಬಾ, ಇಲ್ಲಿ ಬಾ" ಅಂತ ಕರೆದವು. ಕೂರಲು ಎಲ್ಲೂ ಜಾಗ ಸಿಗದ ಸಲಹೆಗಾರನಿಗೆ ಪಾತ್ರೆ ತೊಳೆಯುವ ಕಡೆ ಒಂದು ಮಣೆ ಸಿಕ್ಕಿತು. ಅವನು ಈಗ ಮೇಲೆ ಕೆಳಗೆ ಸುತ್ತಲೂ ಪಾತ್ರೆ ತಿಕ್ಕುತ್ತಾನೆ, ಚೆನ್ನಾಗಿಯೇ ತಿಕ್ಕುತ್ತಾನೆ.

"ಸಮಾಧಾನ ಸಿಕ್ತಾ ಮಹಾಸ್ವಾಮಿ?" ಅಂತ ಅವನು ಒಂದು ದಿನ ರಾಜನನ್ನು ಕೇಳಿದ.

"ಏನು? ಓ, ಅದಾ! ಹುಡುಕೋದು ಮರೆತೇಬಿಟ್ಟೆ ನೋಡು."

ಮಂಗಳವಾರಗಳು ಬಂದವು, ಹೋದವು. ಸಿಂಹಾಸನ ಒಬ್ಬರಿಂದ ಒಬ್ಬರಿಗೆ ಸುತ್ತುತ್ತ ಒಂದು ಮಂಗಳವಾರ ಮಂಡಿಗೆರಾಯನ ಪಾಲಿಗೇ ಬಂತು. ಹಳೆಯ ರಾಜ, ಹಳೆಯ ಸಿಂಹಾಸನ. ಈಗ ಏನಂತಾನೋ? ಅಂಬುಜಿಯೂ ಕೆಲಸ ನಿಲ್ಲಿಸಿ ನೋಡಿದಳು. ರಾಜ ಹತ್ತಿ ಕೂತ. ಅತ್ತ ನೋಡಿದ, ಇತ್ತ ನೋಡಿದ. ಕೈ ಚಾಚಿದ. ಮತ್ತೆ ಚಾಚಿದ. ಕುಳ್ಳ ಮನುಷ್ಯ, ಮೋಟು ಕೈ.

"ಅಂಬುಜಕ್ಕಾ," ಅಂದ, "ಈ ಕುರ್ಚಿ ತುಂಬ ಎತ್ತರ ಆಯ್ತು. ಇಲ್ಲಿಂದ ಒಲೆ ಎಟುಕಲ್ಲ."

ಬಡಗಿಯನ್ನು ಕರೆಸಿದರು. ಗರಗಸ ತಂದ. ಸಿಂಹಾಸನದ ನಾಲ್ಕೂ ಕಾಲು ಕುಯ್ದು, ಉಳಿದ ಕುರ್ಚಿಗಳ ಎತ್ತರಕ್ಕೆ ತಂದ. ಕುಯ್ಯುವಷ್ಟು ಹೊತ್ತೂ ಸಿಂಹಾಸನ ಕಚಗುಳಿಯಾದಂತೆ ನಗುತ್ತಲೇ ಇತ್ತು. ಕುಯ್ದ ತುಂಡುಗಳನ್ನು ಒಲೆಗೆ ಹಾಕಿದರು. ಗಂಧದ ಮರ ನೋಡಿ, ಅವತ್ತು ಹಾಲಿಗೆ ಒಳ್ಳೇ ಘಮ ಬಂದಿತ್ತು.

ಇದರ ನೀತಿ ಏನು ಅಂತೀರಾ? ಸಮಾಧಾನ ಕಳೆದವರು ಮೊದಲು ತಾವು ಕೂತ ಜಾಗದಿಂದ ಎದ್ದು, ಅದರ ಕೆಳಗೆ ನೋಡಿಕೊಳ್ಳತಕ್ಕದ್ದು. ಅಲ್ಲೂ ಇರುವುದಿಲ್ಲ, ಅದು ಬೇರೆ ವಿಷಯ. ಅವರು ಅಲ್ಲಿ ಕೂತಿದ್ದಾರೆ, ನಾವು ಇಲ್ಲಿ ಕೂತಿದ್ದೇವೆ, ಕತೆ ಮಾತ್ರ ಎದ್ದು ಹೋಯಿತು.