ಅವ್ವನ ಜೊಂಡಿನ ಬುಟ್ಟಿ

ಕಾಲು ಒದರಬೇಡ, ಸುಮ್ನೆ ಬಿದ್ಕೋ, ಹೇಳ್ತೀನಿ. ಒಂದಾನೊಂದು ಕಾಲ, ರಾಜನೂ ಇಲ್ಲ ರಾಣಿಯೂ ಇಲ್ಲದ ಕಾಲ, ಏಳು ಸಮುದ್ರದ ಆಚೆ ಕ್ಯಾಲಿಫೋರ್ನಿಯ ಅಂತಾರಲ್ಲ, ಆ ಕಡಲ ದಡದಲ್ಲಿ ಓಲೋನಿ ಅಂತ ಒಂದು ಜನ ಇದ್ರಂತೆ. ನೆಲ ಉಳ್ತಿರಲಿಲ್ಲ, ಮಡಕೆ ಮಾಡ್ತಿರಲಿಲ್ಲ. ಓಕ್ ಮರದ ಕಾಯಿ ಆರಿಸಿ, ಕುಟ್ಟಿ, ಕಹಿ ಹೋಗೋವರೆಗೂ ಹೊಳೆ ನೀರಲ್ಲಿ ತೊಳೆದು, ಆಮೇಲೆ ಜೊಂಡಿನ ಬೇರಲ್ಲಿ ಹೆಣೆದ ಬುಟ್ಟಿಗೆ ಹಿಟ್ಟು ನೀರು ಹಾಕಿ, ಕಾದ ಕಲ್ಲು ಇಳಿಬಿಟ್ಟು ಗಂಜಿ ಕಾಯಿಸ್ತಿದ್ರಂತೆ. ಹೂಂ ಕಣೋ, ಬುಟ್ಟೀಲೇ. ಒಂದು ಹನಿ ಸೋರ್ತಿರಲಿಲ್ಲವಂತೆ, ಅಷ್ಟು ಬಿಗಿ ಹೆಣಿಗೆ.

ಅಲ್ಲಿ ಇಸ್ಮೆ ಅಂತ ಒಬ್ಬಳು, ಅವಳ ಮುದುಕಿ ತಾಯಿ, ಆಗಷ್ಟೇ ಮಾತು ಕಲಿತ ಮಗಳು. ಆಮೇಲೆ ಏನಾಯ್ತು, ಹಡಗಲ್ಲಿ ಪರದೇಶದೋರು ಬಂದು, ಗಂಟೆ ತೂಗುಹಾಕಿ ಪಾದ್ರಿಗಳ ಮಠ ಕಟ್ಟಿ, ದನ ಬಿಟ್ರಂತೆ. ದನ ಅಂದ್ರೆ ನಮಗೆ ದೇವರು, ಅವರ ಪಾಲಿಗೆ ಮಾರಿ ಆಯ್ತು ನೋಡು. ಮೊದಲು ಇವರು ಆರಿಸಿ ತಿನ್ನೋ ಹುಲ್ಲಿನ ಬೀಜ ಮೇಯ್ದವು, ಆಮೇಲೆ ಜೊಂಡು ತುಳಿದು ಕೆಸರು ಮಾಡಿದವು, ಆಮೇಲೆ ಮರದ ಕೆಳಗಿನ ಕಾಯಿನೂ ಬಿಡಲಿಲ್ಲ. ಉಪವಾಸ ತಾಳಲಾರದೆ ಜನ ಒಬ್ಬೊಬ್ಬರೇ ಮಠಕ್ಕೆ ಹೋದ್ರು. ಹೋದೋರನ್ನ ತಿರುಗಿ ಬರೋಕೆ ಬಿಡ್ತಿರಲಿಲ್ಲವಂತೆ. ಇಸ್ಮೆ ಮಾತ್ರ ಸತ್ತರೂ ಹೋಗಲ್ಲ ಅಂದ್ಲು. ಬಚ್ಚಿಟ್ಟ ಕಾಯಿ ಒಂದಿಷ್ಟಿತ್ತು, ಬೇಯಿಸೋಕೆ ತಾಯಿಯ ಬುಟ್ಟಿ ಒಂದಿತ್ತು.

ಆ ಚಳಿಗಾಲ ತಾಯಿ ಸತ್ತೋದ್ಲು. ಅವಳ ಹೆಸರು ಕೇಳಬೇಡ, ಸತ್ತೋರ ಹೆಸರು ಎತ್ತಬಾರದು ಅಂತ ಅವರಲ್ಲಿ ಕಟ್ಟಳೆ. ಸತ್ತೋರ ಸಾಮಾನೆಲ್ಲ ಸುಡಬೇಕು ಅಂತಲೂ ಕಟ್ಟಳೆ, ಇಲ್ಲಾಂದ್ರೆ ಜೀವ ದಾರಿ ಹಿಡಿಯದೆ ಮನೆ ಸುತ್ತಲೇ ಅಲೀತಾ ಇರುತ್ತಂತೆ. ಇಸ್ಮೆ ತಾಯಿಯ ಚರ್ಮದ ಹೊದಿಕೆ ಸುಟ್ಳು, ಚಿಪ್ಪಿನ ಸರ ಸುಟ್ಳು, ಬುಟ್ಟಿ ಹಿಡ್ಕೊಂಡು ನಿಂತ್ಬಿಟ್ಳು. ಸುಟ್ಟರೆ ಮಗು ಏನು ತಿನ್ನಬೇಕು? ಹೊಸದು ಹೆಣೆಯೋಕೆ ಜೊಂಡೆಲ್ಲಿ? ಇವತ್ತೊಂದಿನ ಅಂತ ಗಂಜಿ ಕಾಯಿಸಿದ್ಲು. ಮಾರನೇ ದಿನವೂ ಇವತ್ತೊಂದಿನ ಅಂದ್ಲು. ಮೂರನೇ ದಿನ ಗಂಜಿ ಕುಡೀತಿದ್ದ ಮಗು ಬಾಗಿಲ ಕಡೆ ಕೈ ತೋರಿಸಿ, ಅಜ್ಜಿಗೂ ಹಾಕು, ಅಲ್ಲೇ ನಿಂತವ್ಳೆ ಅಂತಂತೆ.

ಇಸ್ಮೆ ತಿರುಗಿ ನೋಡಿದ್ರೆ ಯಾರೂ ಇಲ್ಲ. ಅಳ್ತಾ ಅಳ್ತಾ ಬುಟ್ಟಿ ಬೆಂಕಿಗೆ ಹಾಕಿ, "ಹೋಗವ್ವ, ನಾವು ಹೆಂಗೋ ಬದುಕ್ತೀವಿ," ಅಂದ್ಲಂತೆ. ಆಮೇಲೆ ಮಗೂನ ಸೊಂಟಕ್ಕೇರಿಸ್ಕೊಂಡು ಗಂಟೆ ಸದ್ದಿನ ಕಡೆ ನಡೆದ್ಲು.

ಅಲ್ಲಿ ಕಬ್ಬಿಣದ ಕೊಳಗದ ತುಂಬ ಗಂಜಿ, ಕತ್ತಲಾದ್ರೆ ಬಾಗಿಲಿಗೆ ಹೊರಗಿಂದ ಅಗುಳಿ. ಮಗು ಬದುಕಿತು ಬಿಡು, ಬೆಳೆದು ದೊಡ್ಡೋಳೂ ಆದ್ಲು. ಇಸ್ಮೆ ಸತ್ತಾಗ ಆ ಮಗಳು, ತಾಯಿ ಸಾಮಾನು ಸುಡಬೇಕಲ್ಲ ಅಂತ ಮೂಲೆಮೂಲೆ ಹುಡುಕಿದ್ಲಂತೆ. ಅವಳದು ಅಂತ ಏನೂ ಇರಲಿಲ್ಲ. ಹೊದ್ದಿದ್ದ ಕಂಬಳಿನೂ ಮಠದ್ದೇ.

ಕತೆ ಅಷ್ಟೇ ಕಣೋ. ಕಣ್ಣು ಒರೆಸ್ಕೊಂಡು ಮಲಕ್ಕೋ.