ವಾರಿಜಾಳ ತೂಕದ ಬೆಲ್ಲ

ಹೊಳೆ ನಿಧಾನವಾಗಿ ತಿರುಗಿಕೊಳ್ಳುವ ಜಾಗದಲ್ಲಿ ಒಂದು ಆಶ್ರಮವಿತ್ತು. ಬೆಳಗಿನ ಹೊತ್ತು ಅಲ್ಲಿ ಮಂಜು ಎಷ್ಟು ದಟ್ಟವಾಗಿ ಕೂರುತ್ತಿತ್ತೆಂದರೆ, ದಂಡೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೆಂದು ಕಾಲಿಗೇ ಗೊತ್ತಾಗಬೇಕು.

ಆ ಆಶ್ರಮದ ಶಿಷ್ಯೆ ವಾರಿಜಾ ದಿನಾ ಒಂದೇ ಕನಸು ಕಂಡು ಏಳುತ್ತಿದ್ದಳು. ಕನಸಿನಲ್ಲಿ ಅವಳು ಬೂರುಗದ ಹತ್ತಿಯಷ್ಟು ಹಗುರಾಗಿ ಹೊಳೆಯ ಮೇಲೆ ತೇಲುತ್ತಿದ್ದಳು. ಎಚ್ಚರವಾದರೆ ಮತ್ತೆ ಅದೇ ಮೈ, ಅದೇ ಬಿಗಿಯಾದ ರವಿಕೆ.

ಎರಡು ವರ್ಷದ ಹಿಂದೆ ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ಅನ್ನ ಬೇಡ, ಮಾತು ಬೇಡ, ಬದುಕೂ ಬೇಡ. ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಮಾತ್ರೆ ಅವಳನ್ನು ಎಬ್ಬಿಸಿ ಕೂರಿಸಿತು, ನಗಿಸಿತು, ಆಶ್ರಮದ ಪಾಠಕ್ಕೂ ಕರೆತಂದಿತು. ಜೊತೆಗೆ ಮೈಯನ್ನೂ ತಂದಿತು.

ಆಶ್ರಮದ ಊಟ ಚೆನ್ನಾಗಿ ಹಿಡಿಸಿದ ಹಾಗಿದೆ ಎಂದು ಸಿಕ್ಕಸಿಕ್ಕವರೆಲ್ಲ ಹೇಳಿದರು. ಊರಿನ ಬಾಯಿಗೆ ಬೇರೆ ಕೆಲಸವಿರಲಿಲ್ಲ. ವಾರಿಜಾ ಅರ್ಧ ಊಟ ಬಿಟ್ಟಳು, ದಂಡೆಯುದ್ದಕ್ಕೂ ನಡೆದಳು. ತೂಕ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಆ ಕೆಟ್ಟ ದಿನಗಳಲ್ಲಿ ಅವಳಮ್ಮ ಒಂದು ಹರಕೆ ಹೊತ್ತಿದ್ದಳು. ಮಗಳು ಉಳಿದರೆ ಆಶ್ರಮದ ಗುಡಿಯಲ್ಲಿ ಅವಳ ತೂಕದಷ್ಟು ಬೆಲ್ಲದ ತುಲಾಭಾರ. ಬರುವ ಹುಣ್ಣಿಮೆಗೆ ಅದನ್ನು ತೀರಿಸಬೇಕಿತ್ತು.

ಊರೆಲ್ಲ ನೋಡುತ್ತಿರುವಾಗ ತಾನು ಒಂದು ತಟ್ಟೆಯಲ್ಲಿ ಕೂರುವುದು, ಇನ್ನೊಂದಕ್ಕೆ ಅಚ್ಚಿನ ಮೇಲೆ ಅಚ್ಚು ಬೆಲ್ಲ ಹೇರುತ್ತಲೇ ಇರುವುದು, ಹಿಂದಿನಿಂದ ಯಾರೋ ಕಿಸಕ್ಕೆಂದು ನಗುವುದು. ನೆನೆದರೇ ವಾರಿಜಾಳಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು. ಯಾರಿಗೂ ಹೇಳದೆ ಅವಳು ಮಾತ್ರೆ ನಿಲ್ಲಿಸಿಬಿಟ್ಟಳು.

ಮೊದಲ ಕೆಲವು ದಿನ ಕನಸು ಹಗಲಿಗೂ ಹರಿದು ಬಂದಂತಿತ್ತು. ಆಮೇಲೆ ಹಕ್ಕಿಗಳ ದನಿ ದೂರವಾಯಿತು. ಗುರುಗಳ ಪಾಠ ನೀರಿನೊಳಗಿಂದ ಬಂದ ಹಾಗೆ ಕೇಳಿಸತೊಡಗಿತು.

ಒಂದು ಬೆಳಿಗ್ಗೆ ಗುರುಗಳು ಅವಳ ಅಂಗೈಗೆ ಒಂದು ಚೂರು ಬೆಲ್ಲ ಹಾಕಿದರು.

"ಹೇಗಿದೆ?"

"ಚೆನ್ನಾಗಿದೆ."

"ಇನ್ನೊಮ್ಮೆ ಚೀಪಿ ಹೇಳಮ್ಮ."

ವಾರಿಜಾ ಮತ್ತೆ ಚೀಪಿದಳು. "ಮಣ್ಣಿನ ಹಾಗಿದೆ."

"ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು?"

ಅವಳು ಅತ್ತುಬಿಟ್ಟಳು. ಹನ್ನೊಂದು ದಿನವಾಯಿತೆಂದಳು. ಹುಣ್ಣಿಮೆ, ತಕ್ಕಡಿ, ಆ ನಗು, ಬೂರುಗದ ಹತ್ತಿಯ ಕನಸು, ಎಲ್ಲವನ್ನೂ ಹೇಳಿಕೊಂಡಳು. ದೇಹ ನಶ್ವರವೆಂದು ಉಪದೇಶ ಮಾಡಲು ಅದು ಒಳ್ಳೆಯ ಸಂದರ್ಭವಾಗಿತ್ತು. ಪುಣ್ಯಕ್ಕೆ ಗುರುಗಳು ಮಾಡಲಿಲ್ಲ.

"ಈ ತೂಕ ನಂದಲ್ಲ ಗುರುಗಳೇ, ಮಾತ್ರೆದು. ಇದನ್ನ ದೇವರಿಗೆ ಹೇಗೆ ಒಪ್ಪಿಸಲಿ?"

ಗುರುಗಳು ಎದ್ದು ಗುಡಿಯ ಜಗಲಿಯ ಕಡೆ ನಡೆದರು. ಅವಳು ಕಣ್ಣೊರೆಸಿಕೊಂಡು ಹಿಂದೆ ಹೋದಳು.

ಜಗಲಿಯ ತೊಲೆಯಿಂದ ತುಲಾಭಾರದ ದೊಡ್ಡ ತಕ್ಕಡಿ ಇಳಿಬಿದ್ದಿತ್ತು. ಎರಡೂ ತಟ್ಟೆಗಳಲ್ಲಿ ಮಂಜಷ್ಟೇ ಕೂತಿತ್ತು. ಗುರುಗಳು ಒಂದು ತಟ್ಟೆಗೆ ಒಂದು ದೊಡ್ಡ ಅಚ್ಚು ಬೆಲ್ಲ ಇಟ್ಟರು. ಅದು ನೆಲಕ್ಕೆ ಇಳಿಯಿತು. ಅವಳು ಕೂರಬೇಕಿದ್ದ ಇನ್ನೊಂದು ತಟ್ಟೆ ಸದ್ದಿಲ್ಲದೆ ಮೇಲೇರಿ, ಮಂಜಿನಲ್ಲಿ ತೇಲುತ್ತಾ ನಿಂತಿತು.

ವಾರಿಜಾ ಅದನ್ನೇ ನೋಡಿದಳು. ಅವಳ ಕನಸಿನ ಹಾಗೆಯೇ ಇತ್ತು, ಅಷ್ಟೇ ಹಗುರ, ಅಷ್ಟೇ ಚಂದ. ನೋಡುತ್ತಾ ನೋಡುತ್ತಾ ಅವಳಿಗೆ ಹೆದರಿಕೆಯಾಯಿತು.

ಇವತ್ತೇ ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಬೇಕೆಂದು ಗುರುಗಳು ಹೇಳಿದರು. ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡಬಾರದು. ತೂಕದ ಸಂಕಟವನ್ನೂ ಸಂಕೋಚವಿಲ್ಲದೆ ಹೇಳಬೇಕು, ಬೇರೆ ಮಾತ್ರೆ ಉಂಟೇ ಎಂದು ಕೇಳಬೇಕು. ಹುಣ್ಣಿಮೆಗೆ ತಕ್ಕಡಿಯಲ್ಲಿ ಕೂರುವುದು, ಬಿಡುವುದು ಅವಳಿಗೇ ಸೇರಿದ್ದು.

ವಾರಿಜಾ ತಲೆಯಾಡಿಸಿದಳು. ಆದರೆ ಒಂದು ಮಾತು ಕೇಳುವುದು ಉಳಿದಿತ್ತು.

"ಅಷ್ಟೊಂದು ಬೆಲ್ಲ ಹೇರುವಾಗ ಅಮ್ಮನಿಗೆ ನಾಚಿಕೆ ಆಗಲ್ವಾ?"

ಗುರುಗಳು ಕೈ ಚಾಚಿ, ಮೇಲೆ ತೂಗುತ್ತಿದ್ದ ತಟ್ಟೆಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.

"ಎರಡು ವರ್ಷದ ಹಿಂದೆ ಅವಳು ಇಲ್ಲೇ ನಿಂತು ಅತ್ತಿದ್ದಳಮ್ಮ, ಈ ತಟ್ಟೆ ಹೀಗೇ ಖಾಲಿ ಉಳಿದುಬಿಡುತ್ತೇನೋ ಅಂತ."